ಕಾಡಿಗೆ ಎರಡು ಓಟು

ಹೋದ ವರ್ಷದ ಸಂಕ್ರಾಂತಿಯ ಮಾತು. ಅಮೆರಿಕದಲ್ಲಿ ಸೂರ್ಯ ಮಕರ ರಾಶಿಗೆ ಯಾವ ವಾರ ಕಾಲಿಟ್ಟರೂ ನಾವು ಎಳ್ಳು ಬೀರುವುದು ಶನಿವಾರವೇ. ಆ ಶನಿವಾರ ನಾನೂ ನನ್ನ ಹೆಂಡತಿ ಸರೋಜಾಳೂ ಹ್ಯೂಸ್ಟನ್ ಪಕ್ಕದ ಕೇಟಿಯಿಂದ ಡ್ರೈವ್ ಮಾಡಿಕೊಂಡು ಡಾಲಸ್ ಕಡೆಯ ಸೌತ್‌ಲೇಕ್‌ಗೆ, ನನ್ನ ಹಳೆಯ ಸಹಪಾಠಿ ಪ್ರಸನ್ನನ ಮನೆಗೆ ಹೋಗಿದ್ದೆವು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುತ್ತಾರೆ. ತಿಂದೆ, ಆಡಿದೆ. ಆ ಒಂದು ಒಳ್ಳೆಯ ಮಾತಿನ ಫಲವನ್ನು ಮಾರ್ಚ್ ತಿಂಗಳವರೆಗೆ ಅನುಭವಿಸಿದೆ.

ಮೊದಲು ನಮ್ಮ ಪ್ಲಾನ್ ಏನಿತ್ತೆಂದು ಹೇಳಬೇಕು. ಸರೋಜಾ ಕೇಟಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಪ್ರತಿ ವರ್ಷ ಮಳೆಕಾಡಿನ ಪಾಠ ಬಂದಾಗ ಹಸಿರು ಕಾಗದ ಕತ್ತರಿಸಿ ಕ್ಲಾಸಿನ ಒಂದು ಇಡೀ ಗೋಡೆಗೆ ಕಾಡು ಅಂಟಿಸುತ್ತಾಳೆ. ಆ ವಾರ ನಮ್ಮ ಊಟದ ಮೇಜು ಅರಣ್ಯ ಇಲಾಖೆಯ ವಶದಲ್ಲಿರುತ್ತದೆ. ನಾನು ತಟ್ಟೆ ಹಿಡಿದುಕೊಂಡು ನಿಂತೇ ಉಣ್ಣುತ್ತೇನೆ. ಹಿಂದಿನ ವರ್ಷ ಒಬ್ಬಳು ಹುಡುಗಿ, ಮಿಸ್, ನೀವು ನಿಜವಾದದ್ದು ನೋಡಿದ್ದೀರಾ ಎಂದು ಕೇಳಿದಳಂತೆ. ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಸರೋಜಾ ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಮದುವೆಯಾದ ಮೇಲೆ ಊರಿಗೆ ಹೋದಾಗಲೆಲ್ಲ ನೋಡಿದ್ದು ನೆಂಟರ ಮನೆಯ ಸೋಫಾಗಳನ್ನು. ಪಶ್ಚಿಮ ಘಟ್ಟವನ್ನು ವಿಮಾನದ ಕಿಟಕಿಯಿಂದ ನೋಡಿದ್ದಾಳೆ, ಅದೂ ರೆಕ್ಕೆ ಅಡ್ಡ ಬಂದಿತ್ತು.

ಈಗಲೇ ಏಕೆಂದರೆ, ಬೇಸಿಗೆ ರಜೆಯಲ್ಲಿ ಅವಳ ಎಡ ಮೊಣಕಾಲಿನ ಆಪರೇಷನ್ ಎಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ನೋವು ತಡೆಯುವಷ್ಟು ನಡೆಯಬಹುದು. ಆಮೇಲೆ ಬೆಟ್ಟದ ಏರುದಾರಿಯ ಮಾತು ಬಹಳ ಕಾಲ ಬೇಡ ಎಂದಿದ್ದರು ಡಾಕ್ಟರು. ಹಾಗಾಗಿ ಮಾರ್ಚಿನಲ್ಲಿ ಶಾಲೆಗೆ ರಜೆ ಕೊಡುವ ಸ್ಪ್ರಿಂಗ್ ಬ್ರೇಕ್‌ನ ನಾಲ್ಕಾರು ದಿನ, ಮಳೆಕಾಡಿಗೆ ಹೆಸರಾದ ಕೋಸ್ಟರಿಕ ದೇಶಕ್ಕೆ ಹೋಗುವುದೆಂದು ತೀರ್ಮಾನಿಸಿದ್ದೆವು. ಮೂರು ರಾತ್ರಿ ಬೆಟ್ಟದ ಮೇಲಿನ ಮೋಡ ಮುಸುಕಿದ ಕಾಡಿನಲ್ಲಿ ಒಂದು ಪುಟ್ಟ ಲಾಡ್ಜ್, ಕೊನೆಯ ರಾತ್ರಿ ಸಮುದ್ರದ ಬದಿ, ದಣಿದ ಕಾಲು ನೀರಿಗೆ ಇಳಿಬಿಡಲು. ಲಾಡ್ಜನ್ನು ಸರೋಜಾ ತಾನೇ ಹುಡುಕಿ, ತಾನೇ ಬುಕ್ ಮಾಡಿದ್ದಳು. ಹ್ಯೂಸ್ಟನ್‌ನಿಂದ ನೇರ ವಿಮಾನ. ಟಿಕೆಟ್ಟೂ ಆಗಿತ್ತು. ಇಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ನಮ್ಮವರ ಮನೆಯಿಂದ ಹೊರಡುವುದೆಂದರೆ ಎದ್ದು ಹೋಗುವುದಲ್ಲ. ಸೋಫಾದಿಂದ ಎದ್ದ ಮೇಲೆ ಒಂದು ಸುತ್ತು ಮಾತು, ಚಪ್ಪಲಿ ಮೆಟ್ಟುವಾಗ ಒಂದು ಸುತ್ತು, ಕಾರಿನ ಕಿಟಕಿ ಇಳಿಸಿ ಇನ್ನೊಂದು ಸುತ್ತು. ಚಪ್ಪಲಿಯ ಸುತ್ತಿನಲ್ಲಿ ಪ್ರಸನ್ನ, ರಜೆಗೆ ಏನು ಪ್ಲಾನು ಎಂದು ಕೇಳಿದ. ಹೇಳಿದೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಇರಲಾದೀತೇ? "ನೀವೂ ಬನ್ನಿ" ಎಂದೆ.

ಓದುಗರು ನನ್ನನ್ನು ತಪ್ಪು ತಿಳಿಯಬಾರದು. ಮೈಸೂರು ಸೀಮೆಯಲ್ಲಿ ಚಪ್ಪಲಿ ಮೆಟ್ಟುತ್ತ ಆಡುವ "ನೀವೂ ಬನ್ನಿ"ಗೆ ಒಂದು ಶಾಸ್ತ್ರವಿದೆ. ಕರೆಯುವವನು ಕರೆಯಬೇಕು. ಕರೆಸಿಕೊಂಡವನು, ಅಯ್ಯೋ ನೀವು ಹೋಗಿ ಬನ್ನಿ, ಇನ್ನೊಂದು ಸಲ ನೋಡೋಣ ಎನ್ನಬೇಕು. ಇವನು ಇನ್ನೊಮ್ಮೆ ಕರೆಯಬೇಕು, ಅವನು ಇನ್ನೊಮ್ಮೆ ತಲೆಯಾಡಿಸಬೇಕು, ಇಬ್ಬರೂ ಸಂತೋಷವಾಗಿ ಬೀಳ್ಕೊಳ್ಳಬೇಕು. ಇದು ಸುಳ್ಳಲ್ಲ, ಸಂಸ್ಕಾರ. ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿಯುವಂತೆ. ಪ್ರಸನ್ನ ಬೆಳೆದದ್ದು ಮೈಸೂರಿನಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅವನಿಗೆ ಈ ಶಾಸ್ತ್ರ ಗೊತ್ತಿಲ್ಲವೆಂದರೆ ಯಾವ ನ್ಯಾಯಾಲಯವೂ ನಂಬದು. ಆದರೂ ಅವನು ಮೊದಲ ಕರೆಗೇ "ಆಯ್ತು ಕಣೋ ಮೂರ್ತಿ, ಬಂದ್ವಿ" ಎಂದುಬಿಟ್ಟ.

ದಾರಿಯಲ್ಲಿ ಸರೋಜಾ ಸೀಟನ್ನು ಹಿಂದಕ್ಕೆ ತಳ್ಳಿ ಎಡಗಾಲು ಚಾಚಿಕೊಂಡಳು. "ನಿಮಗ ಕರೀಬೇಕಂತ ಇತ್ತೇನು?" ಎಂದಳು. ಇಲ್ಲ ಎಂದೆ. "ಮತ್ತ್ಯಾಕ ಕರದ್ರಿ?" ಇದಕ್ಕೆ ಮೈಸೂರಿನವರು ಯಾರೂ ಇದುವರೆಗೆ ಉತ್ತರ ಕೊಟ್ಟಿಲ್ಲ.

ಮರುದಿನ ಫೋನಿನಲ್ಲಿ ಒಂದು ಗ್ರೂಪ್ ಹುಟ್ಟಿತು. ಅದರಲ್ಲಿ ಪ್ರಸನ್ನ, ಅವನ ಹೆಂಡತಿ ವೀಣಾ, ಮತ್ತು ನಾನು ಕರೆದೇ ಇರದ ಇಬ್ಬರು ಇದ್ದರು: ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿರುವ ವೀಣಾಳ ತಮ್ಮ ಕಿರಣ್, ಅವನ ಹೆಂಡತಿ ದೀಪಾ. ಅವರಿಗೆ ಇಬ್ಬರು ಚಿಕ್ಕ ಮಕ್ಕಳು. ಪ್ರಸನ್ನ ಅವರನ್ನು ಕರೆದನಂತೆ. ಅವರೂ ಮೊದಲ ಕರೆಗೇ ಒಪ್ಪಿದರಂತೆ. ಆ ಮನೆತನಕ್ಕೇ ಆ ರೋಗವಿರಬೇಕು.

ಮುಂದೆ ನಡೆದದ್ದು ಅರಣ್ಯನಾಶ. ನಿಧಾನವಾಗಿ, ನಗುನಗುತ್ತ, ಅಂಕಲ್ ಆಂಟಿ ಎಂದು ಗೌರವ ಕೊಡುತ್ತ ನಡೆದ ನಾಶ. ಮಕ್ಕಳಿಗೆ ಹುಳಹುಪ್ಪಟೆ ಎಂದರೆ ಭಯ ಎಂದಳು ದೀಪಾ. ಮೂರು ರಾತ್ರಿ ಎರಡಾಯಿತು. ಬೆಟ್ಟದ ರಸ್ತೆಯಲ್ಲಿ ತನಗೆ ವಾಂತಿ ಬರುತ್ತದೆ ಎಂದ ಕಿರಣ್, ಎರಡು ಒಂದಾಯಿತು. ಕಾಡಿನಲ್ಲಿ ಸಸ್ಯಾಹಾರಿಗಳಿಗೆ ಊಟದ ಗತಿ ಏನು ಎಂದು ಪ್ರಸನ್ನ ಕೇಳಿದ. ಅಲ್ಲಿನ ಜನ ಮೂರು ಹೊತ್ತೂ ಉಣ್ಣುವುದೇ ಅನ್ನ, ಕಾಳು ಎಂದು ಸರೋಜಾ ಬರೆದಳು. ಅದಕ್ಕೆ ಅವನು ಹೆಬ್ಬೆರಳಿನ ಚಿತ್ರ ಒತ್ತಿ, ಸಮುದ್ರದ ದಂಡೆಯ ಒಂದು ದೊಡ್ಡ ರೆಸಾರ್ಟಿನ ಊಟದ ಮೆನು ಹಾಕಿದ.

ಅಷ್ಟರಲ್ಲಿ ಎಲ್ಲರೂ ಡಾಲಸ್‌ನಿಂದಲೇ ಒಟ್ಟಿಗೆ ಹಾರೋಣ ಎಂಬ ಸಲಹೆಯೂ ಬಂತು. ಭೂಪಟ ಬಲ್ಲವರು ಗಮನಿಸಬೇಕು: ಕೋಸ್ಟರಿಕ ಇರುವುದು ದಕ್ಷಿಣಕ್ಕೆ. ನಾವು ಕೇಟಿಯಿಂದ ಅರ್ಧ ದಿನ ಉತ್ತರಕ್ಕೆ ಡ್ರೈವ್ ಮಾಡಿ, ಅಲ್ಲಿ ವಿಮಾನ ಹತ್ತಿ, ಮತ್ತೆ ನಮ್ಮ ಮನೆಯ ಮೇಲೇ ಹಾರಿಹೋಗಬೇಕು. ಇದಕ್ಕೆ ಒಗ್ಗಟ್ಟು ಎಂದು ಹೆಸರಿಟ್ಟರು.

ಕಡೆಗೆ ವಿಷಯ ಗ್ರೂಪಿನಲ್ಲೇ ಗುಂಡಿ ಒತ್ತುವ ಮತದಾನಕ್ಕೆ ಬಂತು. ಕಾಡಿನಲ್ಲಿ ಒಂದಾದರೂ ರಾತ್ರಿಯೋ, ಪೂರ್ತಿ ರೆಸಾರ್ಟೋ? ನಾನು ಕಾಡು, ಸರೋಜಾ ಕಾಡು. ಮಿಕ್ಕ ನಾಲ್ವರು ರೆಸಾರ್ಟು. ಸೋಲನ್ನು ಒಪ್ಪುತ್ತಿದ್ದೆನೇನೋ, ಅಷ್ಟರಲ್ಲಿ ದೀಪಾ ಮಕ್ಕಳಿಬ್ಬರ ಓಟೂ ಬೀಚಿಗೇ ಎಂದು ಘೋಷಿಸಿದಳು. ಚಿಕ್ಕದಕ್ಕೆ ಇನ್ನೂ ಶೂ ಲೇಸ್ ಕಟ್ಟಲು ಬರುವುದಿಲ್ಲ. ಪ್ರಜಾಪ್ರಭುತ್ವದ ಮೇಲೆ ನನಗಿದ್ದ ಗೌರವ ಆ ಮಧ್ಯಾಹ್ನ ಬಹಳ ಕುಸಿಯಿತು. ನಾನು ಕೂತು ಸುದೀರ್ಘವಾದ ಪ್ರತಿಭಟನೆ ಬರೆದೆ; ಕನ್ನಡ ಲಿಪಿಯಲ್ಲಿ, ಪೂರ್ಣವಿರಾಮಗಳ ಸಮೇತ. ಕಿರಣ್ "ಸೂಪರ್ ಅಂಕಲ್" ಎಂದು ಉತ್ತರಿಸಿದ. ಅವನು ಅದನ್ನು ಓದಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟೆಲ್ಲಕ್ಕೂ ಅವರು ಕೊಟ್ಟ ಕಾರಣ ನನ್ನನ್ನು ಹೆಚ್ಚು ಕೆರಳಿಸಿತು. ಆಂಟಿ ಮೊಣಕಾಲು ಪಾಪ, ಕಾಡು ಮೇಡು ಯಾಕೆ, ಬೀಚಾದರೆ ಆರಾಮ. ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನು ಅವಳ ಮೊಣಕಾಲಿನ ಹೆಸರಿನಲ್ಲಿ ಕೇಳುತ್ತಿದ್ದರು. ನಾನು ಸರೋಜಾಗೆ, ಸಾಕು ಮಾಡು, ಆ ಲಾಡ್ಜ್ ಕ್ಯಾನ್ಸಲ್ ಮಾಡಿಬಿಡು ಎಂದೆ. ಅವಳು ಇನ್ನೊಂದು ಹಸಿರು ಹಾಳೆ ಎಳೆದುಕೊಂಡಳು. ಮೇಜಿನ ಮೇಲೆ ಆ ವರ್ಷದ ಕಾಡು ಕತ್ತರಿಸುತ್ತಿದ್ದಳು.

ಫೆಬ್ರವರಿಯ ಒಂದು ಭಾನುವಾರ ಕೊನೆಯ ತೀರ್ಮಾನಕ್ಕೆಂದು ಫ್ಲೂಗರ್‌ವಿಲ್‌ನ ಕಿರಣ್ ಮನೆಯಲ್ಲಿ ಎಲ್ಲರೂ ಸೇರಿದೆವು. ಪುಳಿಯೋಗರೆ, ಮೊಸರನ್ನ ಆಯಿತು. ಪ್ರಸನ್ನ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ ಎದ್ದು ನಿಂತ. ಈಜುಕೊಳ, ಕೋಣೆ, ಬಫೆ ಎಲ್ಲ ತೋರಿಸಿ, ಕೊನೆಗೆ ನಮ್ಮ ಕಡೆ ತಿರುಗಿ, ನೇಚರ್ ಬೇಕು ಅಂದ್ರಲ್ಲ, ಅದೂ ಇದೆ ಎಂದ. ಪರದೆಯ ಮೇಲೆ ರೆಸಾರ್ಟಿನ ತಿಂಡಿಯ ಹಾಲಿನ ಕೋಣೆಯಲ್ಲ, ತಿಂಡಿ ತಿನ್ನುವ ಹಾಲ್‌ನ ವಿಡಿಯೊ ಬಂತು. ಮೂಲೆಗೊಂದು ಪ್ಲಾಸ್ಟಿಕ್ ಮರ, ಗೋಡೆಯಲ್ಲಿ ಗುಂಡಿ ಒತ್ತಿದರೆ ಬೀಳುವ ಜಲಪಾತ, ಕೊಂಬೆಯಿಂದ ತೂಗುವ ಬಟ್ಟೆಯ ಕೋತಿ. ಹೊರಗೆ ಈಜುಕೊಳದ ಹಿಂದೆ ಹೆಸರಿನ ಫಲಕ ಚುಚ್ಚಿದ ಒಂದು ತೋಟ. ಆಂಟಿ ಕೂತಲ್ಲೇ ಕಾಡು ನೋಡಬಹುದು ಎಂದಳು ದೀಪಾ. ಹುಡುಗಿ ಕೆಟ್ಟವಳಲ್ಲ, ಮನಸ್ಸಿನಿಂದಲೇ ಹೇಳಿದಳು.

ನಾನು ಎದ್ದು ಮಾತಾಡಬೇಕಿತ್ತು. ವಾಕ್ಯಗಳೂ ಸಿದ್ಧವಿದ್ದವು, ದಾರಿಯುದ್ದಕ್ಕೂ ಕಾರಿನಲ್ಲಿ ಅಭ್ಯಾಸ ಮಾಡಿದ್ದೆ. ಆದರೆ ಅವರ ಪುಳಿಯೋಗರೆ ಇನ್ನೂ ಹೊಟ್ಟೆಯಲ್ಲಿತ್ತು. ಉಂಡ ಮನೆಯಲ್ಲಿ ಕೂತು ಬೇಡ ಎನ್ನುವುದನ್ನು ಮೈಸೂರಿನಲ್ಲಿ ಯಾರೂ ನನಗೆ ಕಲಿಸಿಲ್ಲ. ನಾನು ಬಾಯಿ ತೆರೆದು, "ಚೆನ್ನಾಗಿದೆ, ನೋಡೋಣ" ಎಂದೆ.

ಸರೋಜಾ ಖಾಲಿ ತಟ್ಟೆ ಕೆಳಗಿಟ್ಟಳು. "ಪ್ರಸನ್ನ ಅವರ, ನೀವೆಲ್ಲ ಛಂದಾಗಿ ಹೋಗಿ ಬರ್ರಿ. ನಾವು ಬರಂಗಿಲ್ಲ."

ಟೀವಿಯಲ್ಲಿ ಜಲಪಾತ ಒಂದೇ ಸಮನೆ ಸುರಿಯುತ್ತಿತ್ತು. ಪ್ರಸನ್ನ ನಕ್ಕ. "ಏನಮ್ಮಾ ಇದು, ನಿಮಗೋಸ್ಕರ ಅಲ್ವಾ ಇಷ್ಟೆಲ್ಲ ಬದಲಾಯಿಸಿದ್ದು? ನಿಮ್ಮ ಮೊಣಕಾಲಿಗೆ..."

"ಮೊಣಕಾಲು ನಂದೈತ್ರಿ. ಅದು ಎಲ್ಲಿ ನೋಯಬೇಕು ಅನ್ನೋದನ್ನ ನಾನ ಹೇಳ್ತೀನಿ."

ಸಿಟ್ಟಿಲ್ಲ, ಏರುದನಿಯಿಲ್ಲ. ತರಕಾರಿಯವನಿಗೆ ಇಷ್ಟು ಸಾಕು ಎಂದ ಹಾಗೆ ಹೇಳಿದಳು. ಹೇಳಿ ದೀಪಾಳ ಪುಳಿಯೋಗರೆ ಗೊಜ್ಜಿಗೆ ಬೆಲ್ಲ ಎಷ್ಟು ಹಾಕಿದ್ದೆಂದು ವಿಚಾರಿಸಿದಳು. ದೀಪಾ ಉತ್ತರ ಕೊಟ್ಟಳು ಕೂಡ. ಪ್ರಸನ್ನ ನನ್ನ ಮುಖ ನೋಡಿದ. ಹೆಂಡತಿಗೆ ಸ್ವಲ್ಪ ಹೇಳೋ ಎನ್ನುವ ನೋಟ. ನಾನು ಬಟ್ಟೆಯ ಕೋತಿಯನ್ನು ಬಹಳ ಆಸಕ್ತಿಯಿಂದ ನೋಡಿದೆ.

ಅಂದು ಹೊರಡುವಾಗ ಮಾತು ಒಂದೇ ಸುತ್ತಿನಲ್ಲಿ ಮುಗಿಯಿತು. ವೀಣಾ ಮಾತ್ರ ಕಾರಿನವರೆಗೆ ಬಂದಳು. ಸರೋಜಾಳ ಕಿಟಕಿಗೆ ಬಗ್ಗಿ, "ನಾನೂ ಮೊದಲು ಕಾಡೇ ಒತ್ತಿದ್ದೆ. ಮನೆಯವರದ್ದೆಲ್ಲ ಒಂದೇ ಇರ್ಲಿ ಅಂತ ಇವರು ನನ್ನ ಫೋನ್ ತಗೊಂಡು ಬದಲಾಯಿಸಿದ್ರು" ಎಂದಳು. ಸರೋಜಾ ಅವಳ ಕೈ ಹಿಡಿದುಕೊಂಡಳು. ನಾನು ಸ್ಟಿಯರಿಂಗ್ ಹಿಡಿದುಕೊಂಡೆ. ಮಕ್ಕಳ ಓಟು ಎಣಿಸಿದವರು, ಒಬ್ಬ ಹೆಂಗಸಿನ ಓಟನ್ನು ಅವಳ ಕೈಯಿಂದಲೇ ಕಿತ್ತುಕೊಂಡಿದ್ದರು. ಐವತ್ತು ದಾಟಿದ, ಎರಡು ಡಿಗ್ರಿ ಇರುವ ಹೆಂಗಸು.

ಹೈವೇ ಸೇರಿದ ಮೇಲೆ, ಈಗ ಏನು ಮಾಡುವುದು, ಲಾಡ್ಜ್ ಬೇರೆ ಕ್ಯಾನ್ಸಲ್ ಆಗಿದೆಯಲ್ಲ ಎಂದೆ. "ಯಾರು ಹೇಳಿದ್ರು ಕ್ಯಾನ್ಸಲ್ ಮಾಡೀನಂತ?" ಎಂದಳು. ಡಾಲಸ್‌ನಿಂದ ಹಾರುವಂತೆ ಟಿಕೆಟ್ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು; ಸೋಮಾರಿತನದಿಂದ ನಾನೂ ಅದನ್ನು ಮಾಡಿರಲಿಲ್ಲ. ಹೀಗೆ ಒಬ್ಬರ ಹಟ, ಇನ್ನೊಬ್ಬರ ಆಲಸ್ಯ ಸೇರಿ ನಮ್ಮ ಪ್ಲಾನು ಮೊದಲಿದ್ದ ಹಾಗೆಯೇ ಉಳಿದಿತ್ತು.

ಸಂಬಂಧದ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಅವರು ಆರು ಜನ ಬೀಚಿಗೆ ಹೋಗಿ ಬಂದರು. ಮೂರ್ತಿ ತಾನೇ ಕರೆದು ತಾನೇ ಕೈಕೊಟ್ಟ ಎಂದು ಪ್ರಸನ್ನ ಡಾಲಸ್‌ನಲ್ಲೂ ಆಸ್ಟಿನ್‌ನಲ್ಲೂ ಹೇಳಿಕೊಂಡು ತಿರುಗುತ್ತಿದ್ದಾನೆ. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಸರೋಜಾಗೆ ಸಿಟ್ಟೇ ಇಲ್ಲ; ಮೊನ್ನೆ ಕೂಡ ವೀಣಾ ಜೊತೆ ಒಂದು ತಾಸು ಫೋನಿನಲ್ಲಿದ್ದಳು. ಇಬ್ಬರ ಪಾಲಿನ ಸಿಟ್ಟನ್ನೂ ನಾನೊಬ್ಬನೇ ನೋಡಿಕೊಳ್ಳಬೇಕಾಗಿದೆ.

ಕಾಡಿನ ಮೊದಲ ಬೆಳಗ್ಗೆ ಗೈಡ್ ಒಬ್ಬ ನಮ್ಮನ್ನು ಕರೆದೊಯ್ದ. ಮೋಡ ಮರಗಳ ನಡುವೆ ಹೊಗೆಯ ಹಾಗೆ ಓಡಾಡುತ್ತಿತ್ತು. ಕೊಂಬೆಕೊಂಬೆಗೂ ಪಾಚಿ, ಪಾಚಿಯ ಮೇಲೆ ಜರೀಗಿಡ, ಅದರ ಮೇಲೆ ಇನ್ನೇನೋ. ಸರೋಜಾ ಫೋಟೊ ತೆಗೆಯಲಿಲ್ಲ. ತಲೆ ಮೇಲೆತ್ತಿಕೊಂಡೇ ನಡೆದಳು. "ಒಳಗ ಇಷ್ಟು ಕತ್ತಲಿರ್ತದಂತ ಗೊತ್ತಿರಲಿಲ್ಲ ನಂಗ" ಎಂದಳು, ಸ್ವಲ್ಪ ಹೊತ್ತಿನ ನಂತರ. ಆಮೇಲೆ ಏರು ಬಂತು. ಅವಳ ಹೆಜ್ಜೆ ನಿಧಾನವಾಯಿತು. ಒಂದು ದೊಡ್ಡ ಬೇರಿನ ಮೇಲೆ ಕೂತು, ಮೊಣಕಾಲು ನೀವಿಕೊಳ್ಳತೊಡಗಿದಳು. ಮುಖ ಬೆವೆತಿತ್ತು. ನೋವಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಗೈಡ್ ನನ್ನ ಹತ್ತಿರ ಬಂದು ದನಿ ತಗ್ಗಿಸಿ, ನಿಮ್ಮ ಹೆಂಡತಿಗೆ ಕಷ್ಟವಾಗುತ್ತಿದೆ, ವಾಪಸ್ ಹೋಗೋಣವೇ ಎಂದು ಕೇಳಿದ. ಸಭ್ಯ ಮನುಷ್ಯ, ಒಳ್ಳೆಯದಕ್ಕೇ ಕೇಳಿದ. ನನಗೂ ಹೂಂ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎರಡು ತಿಂಗಳ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. "ನನ್ನನ್ನ ಯಾಕಪ್ಪ ಕೇಳ್ತೀಯ? ಅವಳನ್ನ ಕೇಳು" ಎಂದೆ, ಅಚ್ಚ ಕನ್ನಡದಲ್ಲಿ.

ಅವನಿಗೆ ಏನು ಅರ್ಥವಾಯಿತೋ, ಕೇಳಲೆಂದು ತಿರುಗಿದ. ಬೇರಿನ ಮೇಲೆ ಯಾರೂ ಇರಲಿಲ್ಲ. ಮೇಲಿನ ತಿರುವಿನಲ್ಲಿ, ಮೋಡದೊಳಗೆ, ಕುಂಟುತ್ತ ಹತ್ತುವ ಕಾಲಿನ ಸದ್ದು ಕೇಳಿಸಿತು.