ಹಗ್ಗ ಕಟ್ಟಿದವನು ನಾನು

ಗಂಗವ್ವನ ಎಡಗಣ್ಣು ಹೋದದ್ದು ನನ್ನಿಂದ. ಅವಳ ಹಟದಿಂದಲ್ಲ, ಹೆಣ್ಣಾಗಿ ಹುಟ್ಟಿ ನೀರಿನ ಮೇಲೆ ನಿಂತದ್ದರಿಂದಲ್ಲ, ಕೆರೆಯ ದೇವತೆಯ ಸಿಟ್ಟಿನಿಂದಲೂ ಅಲ್ಲ — ನಾನು ಹಗ್ಗವನ್ನು ಕಟ್ಟಬಾರದ ಕಡೆ ಕಟ್ಟಿದೆ. ಗೊತ್ತಿದ್ದೂ ಕಟ್ಟಿದೆ. ಆಮೇಲೆ ಸುಳ್ಳು ಹೇಳಿದೆ. ತಿಳವಳ್ಳಿಯ ಜನರೇ, ಹನ್ನೊಂದು ವರ್ಷ ಆ ಸುಳ್ಳನ್ನು ನೀವು ನಿಜವೆಂದು ಆಡಿಕೊಂಡಿರಿ. ಇನ್ನು ಆಡಲು ಬಿಡುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹಾನಗಲ್ಲಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದೆ. ನಿಮ್ಮ ಕೆರೆಯ ಆಳ ಅಳೆಯಲು ಬಂದ ಎಂಜಿನಿಯರ್ ಸಾಹೇಬರು ಒಂದು ಮೋಟಾರು ದೋಣಿ ತರಿಸಿದ್ದರು. ಅದನ್ನು ಓಡಿಸಲು ನನ್ನನ್ನು ಕರೆದರು. ಕೆರೆಯಲ್ಲಿ ಎಲ್ಲಿ ಕಲ್ಲು, ಎಲ್ಲಿ ಕೆಸರು ಎಂದು ತೋರಿಸಲು ಅಂಬಿಗರ ಹನುಮಂತಪ್ಪನಿದ್ದ. ಅವನ ಜೊತೆ ಮಗಳು ಗಂಗವ್ವ — ಇಪ್ಪತ್ತೆರಡರ ಹುಡುಗಿ. ಅಪ್ಪನಿಗಿಂತ ದೂರ ಬಲೆ ಬೀಸುತ್ತಿದ್ದಳು.

ಕ್ಷೌರದ ಅಂಗಡಿಯ ಹಳೆಯ ವಾರಪತ್ರಿಕೆಯೊಂದರಲ್ಲಿ ನಾನೊಂದು ಚಿತ್ರ ನೋಡಿದ್ದೆ: ಓಡುವ ದೋಣಿಯ ಹಿಂದೆ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು ಬರುವ ಮನುಷ್ಯ. ಅದನ್ನು ಗಂಗವ್ವನಿಗೆ ಹೇಳಿದೆ. ಮರುದಿನ ಅವಳು ಹಳೆಯ ಬಾಗಿಲಿನ ಹಲಗೆಯೊಂದನ್ನು ಹೊತ್ತು ತಂದಳು. "ನಡೀರಿ, ನೋಡೇಬಿಡೂಣು" ಎಂದಳು.

ದೋಣಿಯ ಹಿಂಬದಿಯಲ್ಲಿ, ನಟ್ಟನಡುವೆ, ಕೆಳಗೆ, ದಪ್ಪ ಕಬ್ಬಿಣದ ಬಳೆಯೊಂದಿತ್ತು. ಅದರ ಬೋಲ್ಟು ಮರವನ್ನು ತೂರಿ ಆಚೆ ಬದಿಯ ಪಟ್ಟಿಗೆ ಬಿಗಿದಿತ್ತು. ಎಳೆಯಲೆಂದೇ ಮಾಡಿದ ಬಳೆ. ಮೊದಲ ಮೂರು ದಿನ ಹಗ್ಗವನ್ನು ಅದಕ್ಕೇ ಕಟ್ಟಿದೆ. ಗಂಗವ್ವ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಮೂರನೆಯ ದಿನ ಸೀರೆಯ ಕಚ್ಚೆ ಬಿಗಿದು ಅರ್ಧ ಕೆರೆ ನಿಂತೇ ಬಂದಳು. ಆ ನಗು — ಅಂಥ ನಗುವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ಆಡಿದ್ದೇ ತಪ್ಪು ಎನ್ನುವವರು ಆ ದಿನ ದಂಡೆಯಲ್ಲಿ ಇರಬೇಕಿತ್ತು. ಆಟ ತಪ್ಪಲ್ಲ. ಇಂದಿಗೂ ಹಾಗೆಂದೇ ಹೇಳುತ್ತೇನೆ.

ನಾಲ್ಕನೆಯ ದಿನ ಸುದ್ದಿ ಹಬ್ಬಿ ದಂಡೆಯ ತುಂಬ ಜನ. ನನಗೆ ಏನೋ ಒಂದು ಮದ ಏರಿತು. ಬಳೆ ಕೆಳಗಿದ್ದುದರಿಂದ ಹಗ್ಗ ನೀರಿಗೆ ಬಡಿದು ಅವಳ ಮುಖಕ್ಕೆ ಚಿಮ್ಮುತ್ತಿತ್ತು. ಹಗ್ಗ ಎತ್ತರದಲ್ಲಿದ್ದರೆ ನೋಟ ಚೆನ್ನಾಗಿರುತ್ತದೆ ಎನಿಸಿತು. ದೋಣಿಯ ಬಲ ಮೂಲೆಯಲ್ಲಿ, ಕೂತವರು ಕೈ ಹಿಡಿಯಲೆಂದು ಹಾಕಿದ ಕಬ್ಬಿಣದ ಸರಳೊಂದಿತ್ತು. ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿದೆ.

ಗಂಗವ್ವ ನೀರಿನಲ್ಲೇ ನಿಂತು ನೋಡಿದಳು.

"ಅಲ್ಲಿ ಕಟ್ಟಬ್ಯಾಡ್ರಿ. ಆ ಸರಳು ಕೈ ಹಿಡಿಯಾಕ ಐತಿ, ಎಳಿಯಾಕ ಅಲ್ಲ."

"ಮೆಕ್ಯಾನಿಕ್ ನಾನೋ ನೀನೋ?" ಎಂದೆ. ದಂಡೆಯ ಜನ ನಕ್ಕರು. ಅವಳು ಹಲಗೆಯ ಕಡೆ ತಿರುಗಿದಳು.

ಬೆಳಿಗ್ಗೆಯೇ ಆ ಸರಳನ್ನು ನಾನು ಅಲುಗಿಸಿ ನೋಡಿದ್ದೆ. ತುಕ್ಕು ಹಿಡಿದ ಎರಡು ಸ್ಕ್ರೂಗಳು — ಅಷ್ಟೇ. ಅಲುಗುತ್ತಿತ್ತು. ಟ್ರ್ಯಾಕ್ಟರ್ ಕೆಸರಲ್ಲಿ ಹೂತಾಗ ಸರಪಳಿಯನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನು. ತಿಳಿಯದೆ ಆಯಿತು ಎನ್ನಲು ನನಗೆ ಬಾಯಿಲ್ಲ.

ದೋಣಿ ವೇಗ ಹಿಡಿಯಿತು. ಮೂಲೆಯಿಂದ ಎಳೆತ ಬಿದ್ದದ್ದರಿಂದ ಬಲಕ್ಕೆ ವಾಲಿತು. ಸರಿಪಡಿಸಲು ಚುಕ್ಕಾಣಿ ತಿರುಗಿಸಿದೆ — ಹಗ್ಗ ಒಮ್ಮೆ ಸಡಿಲಾಗಿ ಜಗ್ಗಿತು. ಬೆನ್ನ ಹಿಂದೆ ಫಟ್ ಎಂಬ ಸದ್ದು. ಕಿತ್ತುಹೋದ ಸರಳು ಹಗ್ಗದ ಸೆಳೆತಕ್ಕೆ ಬಾಣದಂತೆ ಹಿಂದಕ್ಕೆ ಹಾರಿತ್ತು. ನಾನು ತಿರುಗುವಷ್ಟರಲ್ಲಿ ಹಲಗೆಯ ಮೇಲೆ ಯಾರೂ ಇರಲಿಲ್ಲ. ದೋಣಿಯ ಮುಂದೆ ಕೂತು ದಾರಿ ತೋರುತ್ತಿದ್ದ ಹನುಮಂತಪ್ಪ ಆಗಲೇ ನೀರಿಗೆ ಹಾರಿದ್ದ.

ಅವಳನ್ನು ಹುಬ್ಬಳ್ಳಿಗೆ ಒಯ್ದರು. ಗದ್ದಲದಲ್ಲಿ ನಾನೇನು ಮಾಡಿದೆ ಗೊತ್ತೇ? ನೀರಲ್ಲಿದ್ದ ಹಗ್ಗವನ್ನು ಎಳೆದುಕೊಂಡು, ತುದಿಯಲ್ಲಿದ್ದ ಸರಳನ್ನು ಬಿಚ್ಚಿ ಕೆರೆಗೆ ಎಸೆದೆ. ಹಗ್ಗದ ಆ ತುದಿಯನ್ನು ಬಳೆಗೆ ಬಿಗಿದೆ. ಮರುದಿನ ಚಾವಡಿಯಲ್ಲಿ ಸಾಹೇಬರೂ ಹಿರಿಯರೂ ಕೇಳಿದಾಗ ಹೇಳಿದೆ: "ಆಕೀನೇ ಹಗ್ಗ ಕೈಗೆ ಸುತ್ಕೊಂಡು ಜಗ್ಗಿದಳ್ರಿ. ಮಕಾಡೆ ಬಿದ್ದು ಹಲಗಿ ಬಡಿಸ್ಕೊಂಡ್ಲು. ಬ್ಯಾಡ ಅಂದ್ರೂ ಕೇಳಲಿಲ್ಲ."

ಯಾರೂ, ದಂಡೆಯಲ್ಲಿ ನಕ್ಕಿದ್ದವರೂ, ಎರಡನೆಯ ಪ್ರಶ್ನೆ ಕೇಳಲಿಲ್ಲ. ನಿಮಗೆ ಆ ಉತ್ತರವೇ ಬೇಕಿತ್ತು.

ಹನುಮಂತಪ್ಪ ಮಗಳನ್ನು ಮತ್ತೆ ನೀರಿಗೆ ಇಳಿಸಲಿಲ್ಲ. ನಾನು ಹಾನಗಲ್ಲಿಗೆ ಮರಳಿದೆ, ಮದುವೆಯಾದೆ, ಅಂಗಡಿ ದೊಡ್ಡದು ಮಾಡಿದೆ. ಹೀಗೆಯೇ ಮುಗಿಯುತ್ತಿತ್ತೇನೋ — ಕಳೆದ ತಿಂಗಳು ನನ್ನ ಎಂಟು ವರ್ಷದ ಮಗಳು ಕಾಲುವೆಗೆ ಇಳಿದಳು. ತಿಳವಳ್ಳಿ ಕಡೆಯವಳೇ ಆದ ನನ್ನ ಹೆಂಡತಿ ಕೂಗಿದಳು: "ಮ್ಯಾಲ ಬಾ! ಗಂಗವ್ವನಂಗ ಹಟಾ ಮಾಡಿ ಕಣ್ಣ ಕಳ್ಕೋತೀಯೇನು?"

ನಾನು ಚಾವಡಿಯಲ್ಲಿ ಆಡಿದ ಸುಳ್ಳು ನನ್ನ ಮಗಳಿಗೇ ಬುದ್ಧಿಮಾತಾಗಿತ್ತು. ಅಂದೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ಈಗ್ಯಾಕ ಕೆದಕತೀರಿ? ಮಂದಿ ಮರತಾರ" ಎಂದಳು. ಮರೆತಿದ್ದರೆ ಅವಳ ಬಾಯಿಗೆ ಆ ಹೆಸರು ಹೇಗೆ ಬಂತು?

ತಿಳವಳ್ಳಿಗೆ ಹೋದೆ. ಗಂಗವ್ವ ಜಗುಲಿಯ ಮೇಲೆ ಬಲೆ ಹೆಣೆಯುತ್ತ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಗುರುತು ಹಿಡಿದಳು. ಕ್ಷಮೆಯ ಮಾತು ತೆಗೆದೆ.

"ನನಗ ಏನು ಹೇಳ್ತೀರಿ? ಸರಳು ಬರೂದು ನಾ ನೋಡೇನಿ. ಎಲ್ಲಾರಿಗೂ ಹೇಳೇನಿ, ಒಬ್ಬರೂ ನಂಬಲಿಲ್ಲ. ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲೇ ಹೋಗಿ ಖರೇ ಹೇಳ್ರಿ" ಎಂದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಸಂತೆಯ ದಿನ ಚಾವಡಿ ಏರಿ ಹೇಳಿದೆ. ನೀವೆಲ್ಲ ಇದ್ದಿರಿ. ಹಿರಿಯರೊಬ್ಬರು, "ಆಗಿದ್ದು ಆತು ಬಿಡಪಾ. ಆಕಿಗೂ ಹಟ ಇತ್ತಲ್ಲ" ಎಂದರು.

"ಇತ್ತರಿ. ಕಣ್ಣು ಹೋಗಿದ್ದು ಹಟದಿಂದ ಅಲ್ಲ" ಎಂದೆ.

ಒಬ್ಬೊಬ್ಬರಾಗಿ ಎದ್ದು ಹೋದಿರಿ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮುಂದಿನ ಸಂತೆಗೂ ಬರುತ್ತೇನೆ, ಅದರ ಮುಂದಿನದಕ್ಕೂ. ನೀವು ಎದ್ದು ಹೋಗಿ — ನಾನು ಖಾಲಿ ಚಾವಡಿಗೇ ಹೇಳುತ್ತೇನೆ.