ಕೋಲು ಮುಟ್ಟಿಸಿ ಹೇಳಿದ ಸುಳ್ಳು

ನಮ್ಮ ಊರಿನ ಕಡೆ, ಅಂದರೆ ಚಾಮರಾಜನಗರದ ಕಡೆ, ಕೋಲಾಟ ಶುರುವಾಗುವ ಮೊದಲು ಪದ ಹೇಳುವವನು ಎರಡೂ ಕೋಲನ್ನು ನೆಲಕ್ಕೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ತನಗೆ ಕಲಿಸಿದವರ ಹೆಸರು ಹೇಳಬೇಕು. ಚೆನ್ನೈಗೆ ಬಂದು ಇಷ್ಟು ವರ್ಷವಾದರೂ ನಾನು ಆ ಪದ್ಧತಿ ಬಿಟ್ಟಿಲ್ಲ. ಪಲ್ಲಾವರದ ನಮ್ಮ ಕಾಲನಿಯ ಕನ್ನಡದವರು ಭಾನುವಾರ ಸಂಜೆ ಸೇರಿದಾಗಲೆಲ್ಲ ಕೋಲು ಮುಟ್ಟಿಸಿ ನನ್ನ ಅಪ್ಪನ ಹೆಸರು ಹೇಳುತ್ತಿದ್ದೆ. ನನ್ನ ಅಪ್ಪನಿಗೆ ಒಂದು ಪದವೂ ಬರುತ್ತಿರಲಿಲ್ಲ.

ಆ ಸುಳ್ಳು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಅದು ಮುಳ್ಳಿನ ಹಾಗೆ ಚುಚ್ಚತೊಡಗಿದ್ದು ಕಳೆದ ವರ್ಷ. ನನ್ನ ಮಗಳು ಪಾಠ ಮಾಡುವ ಶಾಲೆಗೆ ಇಂಗ್ಲೆಂಡಿನಿಂದ ಒಬ್ಬ ಹೆಂಗಸು ಒಂದು ವರ್ಷದ ಮಟ್ಟಿಗೆ ಬಂದಿದ್ದರು. ಕುರಿ, ಸೇಬಿನ ತೋಟ ಬಿಟ್ಟರೆ ಬೇರೇನೂ ಇಲ್ಲದ ಹಳ್ಳಿಗಾಡು ಅವರದು. ಅಲ್ಲಿಯೂ ಕೋಲಾಟವಿದೆಯಂತೆ. ಬಿಳಿ ಬಟ್ಟೆ ಉಟ್ಟು, ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿ, ಎದುರುಬದುರು ಮೂರು ಮೂರು ಜನ ನಿಂತು ಕೋಲು ಹೊಡೆಯುತ್ತಾರಂತೆ. ನಮ್ಮ ಆಟ ನೋಡಲು ಮಗಳು ಅವರನ್ನು ಕರೆತಂದಳು. ಆಟ ಮುಗಿದ ಮೇಲೆ ಅವರೂ ಒಂದು ಹಾಡು ಹೇಳಿದರು, ತಾಳವಿಲ್ಲದೆ, ಕೈಕಟ್ಟಿ ನಿಂತು. ಹಾಡುವ ಮೊದಲು ಏನೋ ಹೇಳಿದರು. ಮಗಳು ಕನ್ನಡಕ್ಕೆ ತಿರುಗಿಸಿದಳು. “ಈ ಹಾಡು ಅವರಿಗೆ ಹೇಳಿಕೊಟ್ಟೋರು ಊರಲ್ಲಿ ಕೂಲಿಗೆ ಬೇಲಿ ಗಿಡ ಕತ್ತರಿಸ್ತಿದ್ದ ಒಬ್ಬ ತಾತನಂತೆ. ಆ ತಾತನಿಗೆ ಅವರಮ್ಮ ಹೇಳಿಕೊಟ್ಟಿದ್ದಂತೆ.”

ಬೇಲಿ ಕತ್ತರಿಸುವವನು. ಅಷ್ಟು ಜನರೆದುರು ಅದನ್ನು ಅವರು ಎಷ್ಟು ಸಲೀಸಾಗಿ ಹೇಳಿದರು! ಆಮೇಲೆ ನೋಟುಪುಸ್ತಕ ತೆರೆದು ನನ್ನ ಕಡೆ ತಿರುಗಿದರು.

“ನಿಮಗೆ ಯಾರು ಕಲಿಸಿದ್ದೂಂತ ಕೇಳ್ತಾರಪ್ಪಾ.”

“ನಮ್ಮಪ್ಪ,” ಎಂದೆ.

“ತಾತಾನಾ? ತಾತ ಹಾಡ್ತಿದ್ರೂಂತ ಅಜ್ಜಿ ಒಂದ್ಸಲಾನೂ ಹೇಳಿಲ್ವೇ,” ಎಂದಳು ಮಗಳು. ಆದರೂ ಇಂಗ್ಲಿಷಿನಲ್ಲಿ ಹಾಗೆಯೇ ಹೇಳಿದಳು. ಆ ಹೆಂಗಸು ಬರೆದುಕೊಂಡರು. ಪೆನ್ನು ಓಡುವುದನ್ನು ನಾನು ನೋಡುತ್ತ ನಿಂತಿದ್ದೆ.

ಕಲಿಸಿದವಳು ಬೇರೆ. ನಾನು ಇಲ್ಲಿನ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಅಲ್ಲಿ ಕಸ ಗುಡಿಸಲು ಬರುತ್ತಿದ್ದ ಹೆಂಗಸು. ಊರ ಕಡೆ ನಮ್ಮ ಪಕ್ಕದ ಹಳ್ಳಿಯವಳೇ, ಅಲ್ಲಿನ ಹೊಲಗೇರಿಯವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶೆಡ್ಡಿನ ಹಿಂದೆ ಕೂತು ಅವಳು ಗುನುಗುವುದು ಕೇಳಿ ಹತ್ತಿರ ಹೋಗಿದ್ದೆ. ಕಬ್ಬಿಣದ ಎರಡು ಸರಳು ಕೊಟ್ಟು ಆರು ತಿಂಗಳು ಕಲಿಸಿದಳು. ಅವಳ ಡಬ್ಬಿಯಿಂದ ನಾನು ಒಂದು ತುತ್ತು ತಿನ್ನಲಿಲ್ಲ. ಅವಳನ್ನು ಏನೆಂದೂ ಕರೆಯಲಿಲ್ಲ. ಅಕ್ಕ ಎನ್ನಲು ಬಾಯಿ ಬರಲಿಲ್ಲ. ಒಂದು ದಿನ ಉದ್ದನೆಯ ಪದವೊಂದನ್ನು ಹೇಳಿಕೊಡುತ್ತಿದ್ದಾಗ ನಮ್ಮ ಜಾತಿಯ ಇಬ್ಬರು ಅತ್ತ ಬಂದರು. “ಏನಯ್ಯಾ, ಇಲ್ಲಿ ಸಂಸಾರ ಹೂಡಿದೀಯ?” ಎಂದು ನಕ್ಕರು. ನಾನು ಸರಳು ಅಲ್ಲೇ ಹಾಕಿ ಎದ್ದುಹೋದೆ. ಮತ್ತೆ ಅವಳು ಎದುರಾದಾಗ ಗುರುತೇ ಇಲ್ಲದವನಂತೆ ನಡೆದೆ. ಆ ಪದದ ಕೊನೆಯ ನುಡಿ ನನಗೆ ಬರಲೇ ಇಲ್ಲ. ನಾನೇ ನಾಲ್ಕು ಸಾಲು ಕಟ್ಟಿ ಸೇರಿಸಿಕೊಂಡೆ.

ಆ ಭಾನುವಾರದ ನಂತರ ಕೂತಲ್ಲಿ ಕೂರಲಾಗಲಿಲ್ಲ. ಹಾಲು ತರಲು ಹೋದವನು ಪಾತ್ರೆ ಮರೆತು ಬರುತ್ತಿದ್ದೆ. ಅವಳು ಮಗನ ಮನೆಯಲ್ಲಿ, ಇಲ್ಲೇ ಚೆನ್ನೈನ ರಾಯಪುರದಲ್ಲಿ ಇದ್ದಾಳೆಂದು ಹಳೆಯ ಸಹೋದ್ಯೋಗಿಯಿಂದ ತಿಳಿದು, ಎರಡು ಸಲ ಬಸ್ ಹತ್ತಿ ಅರ್ಧ ದಾರಿಯಲ್ಲೇ ಇಳಿದು ವಾಪಸ್ಸಾದೆ. ಮೂರನೆಯ ಸಲ ಹೋದೆ.

ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೀಗಡಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಒಳಕ್ಕೆ ಕೂಗಿದಳು: “ಲೋ, ಕೋಲಾಟದ ಮೇಷ್ಟ್ರು ಬಂದವ್ರೆ, ಇನ್ನೊಂದು ಚೇರ್ ತಕ್ಕಂಬಾ!” ಆಮೇಲೆ ನನಗೆ, “ಫೋನಲ್ಲಿ ನೋಡಿವ್ನಿ ಕಣ ತಂಬಿ ನಿನ್ನಾಟವ. ನಿಮ್ಮಪ್ಪ ಬಲು ಚೆನ್ನಾಗಿ ಕಲ್ಸವ್ನೆ.”

“ಅಕ್ಕಾ, ತಪ್ಪಾಯ್ತು,” ಎಂದೆ.

“ಈಗ ಅಕ್ಕ ಆದ್ನಾ?” ಅವಳ ಕೈ ನಿಲ್ಲಲಿಲ್ಲ. “ಎಷ್ಟು ದಿನ ಆ ಸರಳು ಎತ್ತಿಡ್ಕೊಂಡು ಕೂತಿದ್ದೆ, ಗೊತ್ತಾ? ಬತ್ತಾನೆ, ಬತ್ತಾನೆ ಅಂತ.”

“ಇನ್ನು ಮೇಲೆ ನಿಮ್ಮ ಹೆಸರೇ ಹೇಳ್ತೀನಿ. ಆ ಇಂಗ್ಲೆಂಡಿನವರ ಪುಸ್ತಕದಲ್ಲೂ ಬರೆಸ್ತೀನಿ.”

“ಕಾಗ್ದದಲ್ಲಿ ಬರ್ಕಂಡು ಓಡಾಡ್ಬ್ಯಾಡ. ನಿಮ್ಮೋರ ಮುಂದೆ ಬಾಯ್ಬುಟ್ಟು ಹೇಳು. ಇನ್ನೊಂದು ಮಾತು. ಆ ಕಡೇ ನುಡಿ ಯಾವನದು? ಕೇಳ್ತಲೇ ಫೋನ್ ಆರಿಸ್ಬುಟ್ಟೆ. ಅದ ತೆಗ್ದಾಕು.”

“ನೀವೇ ಹೇಳಿಕೊಡಿ ಅಕ್ಕಾ.”

“ಅವತ್ತು ಎಲ್ಲೀಗಂಟ ಕೂತಿದ್ಯೋ ಅಲ್ಲೀಗಂಟ ನಿಂದು. ಮಿಕ್ಕದ್ದು ನಂದು.” ಕಾಫಿ ಬಂತು. ಕುಡಿದೆ. ಅವಳು ಲೋಟವನ್ನೇ ನೋಡುತ್ತಿದ್ದಳು.

ಅದರ ಮುಂದಿನ ಭಾನುವಾರ ಕೋಲು ನೆಲಕ್ಕೆ ಮುಟ್ಟಿಸಿ ಅವಳ ಹೆಸರು ಹೇಳಿದೆ. ಅಪ್ಪ ಕಲಿಸಿದ್ದು ಸುಳ್ಳು ಎಂದೆ. ನನ್ನೆದುರು ಕೋಲು ಹಿಡಿದು ನಿಂತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಕೇಳಿದರು, “ಯಾರ್ರೀ ಅವರು? ಯಾವ ಪೈಕಿ?” ಅದನ್ನೂ ಹೇಳಿದೆ. ಅವರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಕರವಸ್ತ್ರದಿಂದ ಕನ್ನಡಕ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಕೊನೆಗೆ ಅವರ ಜಾಗಕ್ಕೆ ನನ್ನ ಮಗಳು ಬಂದು ನಿಂತಳು. ಅವಳಿಗೆ ಹೆಜ್ಜೆ ಬರುವುದಿಲ್ಲ. ಎಡವುತ್ತ ಆಡಿದಳು. ಕಡೆಯ ನುಡಿ ಬಂದಾಗ ನಾನು ನಿಲ್ಲಿಸಿದೆ. ಎಲ್ಲರೂ ಕೋಲು ಎತ್ತಿ ಹಿಡಿದು ಕಾಯುತ್ತಿದ್ದರು. ಇದರ ಮುಂದಿನದು ನನ್ನ ಹತ್ತಿರ ಇಲ್ಲ ಎಂದೆ.

ಆ ವಾರದಲ್ಲೇ ಮಗಳು ಇಂಗ್ಲೆಂಡಿನ ಹೆಂಗಸನ್ನು ರಾಯಪುರಕ್ಕೆ ಕರೆದುಕೊಂಡು ಹೋದಳು. ನನ್ನನ್ನು ಬರಹೇಳಲಿಲ್ಲ. ಅವರು ಬರುವ ತನಕ ಬಾಲ್ಕನಿಯಿಂದ ಗೇಟಿಗೆ, ಗೇಟಿನಿಂದ ಬಾಲ್ಕನಿಗೆ ಎಷ್ಟು ಸಲ ನಡೆದೆನೋ.

“ಹಾಡಿದ್ರಾ?” ಎಂದೆ, ಮಗಳು ಚಪ್ಪಲಿ ಬಿಡುವ ಮೊದಲೇ.

“ಹಾಡಿದ್ರು. ಪೂರಾ.”

“ಕಡೇ ನುಡಿ?”

“ಅದೂ. ಚೆನ್ನಾಗಿದೆಪ್ಪಾ.” ಚಪ್ಪಲಿ ಗೂಡಿಗಿಟ್ಟು ಹೇಳಿದಳು, “ಆದ್ರೆ ನಿಮಗೆ ಹೇಳ್ಕೂಡದೂಂದ್ರು.”