ಬೀಗ ಹಾಕಿದ ಮನೆಯ ಬಸುರಿ

ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಗ ನಮ್ಮನ್ನು ಗೋಕಾಕದಲ್ಲಿ ನಡೆದ ಒಂದು ಸಭೆಗೆ ಕರೆದೊಯ್ದರು. ಸುತ್ತಲಿನ ತಾಲೂಕುಗಳ ಆರೋಗ್ಯ ಯೋಜನೆ ತಯಾರಾಗುತ್ತಿದೆ, ಅದರಲ್ಲಿ ವಿದ್ಯಾರ್ಥಿಗಳೂ ಪಾಲ್ಗೊಳ್ಳಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತಂತೆ. ನಾವು ಪಾಲ್ಗೊಂಡದ್ದು ಹೀಗೆ: ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು ಬಾಗಿಲಲ್ಲಿ ಗುಲಾಬಿ ಕೊಟ್ಟೆವು, ಸ್ವಾಗತ ಗೀತೆ ಹಾಡಿದೆವು, ಚಹಾ ಹಂಚಿದೆವು, ಖಾಲಿ ಕುರ್ಚಿ ತುಂಬಿಸಿ ಚಪ್ಪಾಳೆ ತಟ್ಟಿದೆವು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ದಿನ ನನ್ನ ತಲೆಯಲ್ಲಿ ಇದ್ದದ್ದು ವೈನಿ ಒಬ್ಬಳೇ. ಅಣ್ಣನ ಹೆಂಡತಿ, ಎಂಟು ತಿಂಗಳ ಬಸುರಿ. ನಮ್ಮದು ಮೂಡಲಗಿ ಕಡೆಯ ಕುರಿ ಸಾಕುವ ಮನೆತನ. ಸುಗ್ಗಿ ಮುಗಿದರೆ ಇಡೀ ಓಣಿ ಬೀಗ ಜಡಿದು ಕುರಿಗಳ ಹಿಂದೆ ಹೊರಡುತ್ತದೆ. ಆಗ ಅವರ ಬಿಡಾರ ಹುಕ್ಕೇರಿ ಸೀಮೆಯ ಒಂದು ಹೊಲದಲ್ಲಿತ್ತು. ವೈನಿಯ ಕಾಲು, ಮುಖ ಬಾತಿದ್ದವು, ತಲೆನೋವು ಬೇರೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದರೆ, "ನಿಂದು ಮೂಡಲಗಿ ಕಾರ್ಡ ಐತಿ, ಅಲ್ಲೇ ತೋರ್ಸು" ಎಂದು ಬಿ.ಪಿ. ಕೂಡ ನೋಡದೆ ವಾಪಸ್ ಕಳಿಸಿದ್ದರು. ತಾಯಿ ಕಾರ್ಡು ಮೂಡಲಗಿಯದಾದರೆ ಹೊಟ್ಟೆಯೊಳಗಿನ ಕೂಸೂ ಮೂಡಲಗಿಯಲ್ಲೇ ಕೂತಿರುತ್ತದೆಯೇ? ಇಂಥ ಬಸುರಿಯನ್ನು ತಡಮಾಡದೆ ನೋಡದಿದ್ದರೆ ತಾಯಿ, ಕೂಸು ಎರಡೂ ಹೋಗಬಹುದು ಎಂದು ನಾವೇ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆವು.

ಸಭೆ ನಡೆಸುತ್ತಿದ್ದ ಆರೋಗ್ಯ ಇಲಾಖೆಯ ಸಾಹೇಬರು ಪರದೆಯ ಮೇಲೆ ಮನೆಮನೆ ಸರ್ವೇಯ ಪಟ್ಟಿ ತೋರಿಸುತ್ತ ಬಂದರು. ನಮ್ಮ ಓಣಿಯ ಸಾಲು ಬಂತು. ಗರ್ಭಿಣಿಯರು: ಸೊನ್ನೆ.

ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ನಮ್ಮ ಕಾಲೇಜಿನ ಮೇಡಂ ತೋಳು ಹಿಡಿದು ಜಗ್ಗಿದರು. "ಕುಂದ್ರವಾ, ಕಾಲೇಜಿನ ಮಾನಾ ಕಳೀಬ್ಯಾಡ."

"ಅಲ್ಲಿ ಬಸರಿ ಅದಾಳ್ರಿ ಸರ್. ನಮ್ಮ ವೈನಿ."

"ಹಂಗಾರ ಸರ್ವೇದಾಗ ಯಾಕಿಲ್ಲ? ಆ ಓಣಿ ಸರ್ವೇ ಮಾಡಿದವರು ಯಾರು?"

"ನಾನ ರಿ."

ಹೌದು, ನಾನೇ. ಸಭೆಗೆ ಮೊದಲು ಮನೆಮನೆ ಸರ್ವೇಗೆ ವಿದ್ಯಾರ್ಥಿಗಳಾದ ನಮ್ಮನ್ನೇ ಕಳಿಸಿದ್ದರು. ಬೀಗ ಕಂಡರೆ ಅಡ್ಡಗೆರೆ ಎಳೆದು ಮುಂದಿನ ಮನೆಗೆ ಹೋಗಿ ಎಂದು ಹೇಳಿದ್ದರು. ಓಣಿಯುದ್ದಕ್ಕೂ ಗೆರೆ ಎಳೆದೆ. ನಮ್ಮ ಮನೆಗೂ ಎಳೆದೆ, ಅದರ ಕೀಲಿ ನನ್ನ ಬ್ಯಾಗಿನಲ್ಲೇ ಇತ್ತು! ವೈನಿ ಎಲ್ಲಿದ್ದಾಳೆ, ಎಷ್ಟು ತಿಂಗಳು, ಎಲ್ಲ ಬಲ್ಲವಳು ನಾನು. ಫಾರ್ಮು ನಿಯಮದ ಪ್ರಕಾರ ಇರಲಿ ಎಂದು ಅವಳನ್ನು ಬಿಟ್ಟುಬಿಟ್ಟೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಅಷ್ಟು ಚೊಕ್ಕ ಫಾರ್ಮು ಯಾರದೂ ಇಲ್ಲ ಎಂದು ಮೇಡಂ ಹೊಗಳಿದ್ದರು.

"ತಪ್ಪ ನಂದ ರಿ," ಎಂದೆ. "ಆದ್ರ ನಿಯಮಾನೂ ತಪ್ಪೈತ್ರಿ. ಬೀಗ ಹಾಕಿದವರು ಎಲ್ಲಿ ಹೋಗ್ಯಾರಂತ ಬರಿಯಾಕ ಒಂದ ಕಾಲಮ್ ಇಡ್ರಿ. ಯಾವ ಊರಿನ ಕಾರ್ಡ ಇದ್ರೂ ನೋಡಬೇಕಂತ ಆರ್ಡರ್ ಮಾಡ್ರಿ."

ಸಾಹೇಬರು ಗಡಿಯಾರ ನೋಡಿದರು. "ಚೊಲೋ ಹೇಳಿದಿ. ಮುಂದಿನ ವರ್ಷ ನೋಡೂಣು."

"ಆಕಿಗೆ ಎಂಟ ತಿಂಗಳಾಗ್ಯಾವ್ರಿ ಸರ್! ಮುಂದಿನ ವರ್ಷದ ತನಕಾ ಹೆಂಗ ತಡೀತಾಳ್ರಿ?"

ಸಭೆ ಗೊಳ್ಳೆಂದು ನಕ್ಕಿತು. ನಾನೇನು ಚೇಷ್ಟೆ ಮಾಡಿದ್ದೆನೇ? ನಮ್ಮ ಹುಡುಗಿಯರೂ ನಕ್ಕರು, ನಾಳೆ ಹೆರಿಗೆ ಮಾಡಿಸುವವರು!

ಹೊರಗೆ ಬಂದು ಫೋನ್ ಹಚ್ಚಿದೆ. ಸಭೆಯಲ್ಲಿ ಸಾಹೇಬರನ್ನು ಕೇಳಿ ನೋಡುತ್ತೇನೆ ಎಂದು ಹಿಂದಿನ ರಾತ್ರಿ ಹೇಳಿದ್ದೆ. ವೈನಿಯೇ ಎತ್ತಿದಳು. "ಏನಂದ್ರವಾ ಅವರು?"

"ನಕ್ಕರು."

"ನೀನರ ಬಾ. ಕಣ್ಣ ಮಂಜ ಆಗಾಕತ್ತಾವು."

ಯಾರನ್ನೂ ಕೇಳದೆ ಕಾಲೇಜಿನ ಬಿ.ಪಿ. ಮಷಿನ್ ಎತ್ತಿಕೊಂಡು ಬಸ್ಸು ಹತ್ತಿದೆ. ನಾನು ಬಿಡಾರ ತಲುಪುವಷ್ಟರಲ್ಲಿ ಅವಳಿಗೆ ಫಿಟ್ಸ್ ಬಂದಿತ್ತು. ಗಾಡಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದೆವು. ವೈನಿ ಉಳಿದಳು, ಕೂಸು ಉಳಿಯಲಿಲ್ಲ.

ಮುಂದಿನ ವರ್ಷ ಫಾರ್ಮಿನಲ್ಲಿ ಆ ಕಾಲಮ್ ಬಂತು. ವಿದ್ಯಾರ್ಥಿಗಳು ನೀತಿ ರೂಪಿಸಿದ್ದಕ್ಕೆ ಇದೇ ಸಾಕ್ಷಿ ಎಂದು ಸಾಹೇಬರು ಭಾಷಣ ಮಾಡಿ, ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು.